ಜವೆಗೋದಿಯ ಅಂಗಿ ಬಿಚ್ಚುವ ಅಮೀನಬಿ

ಬೆಳಗಿನ ಬಾಂಗು ಮುಗಿಯುತ್ತಿದ್ದಂತೆ ಶಿಗ್ಲಿಯ ಓಣಿಯಲ್ಲಿ ಒನಕೆಯ ಸದ್ದು ಶುರುವಾಗುತ್ತದೆ. ನಮಾಜು ಮುಗಿಸಿದ ಅಮೀನಬಿ ಸೆರಗು ಬಿಗಿದು, ಒರಳಿನಲ್ಲಿರುವ ಜವೆಗೋದಿಗೆ ನೀರು ಚಿಮುಕಿಸಿ ಕುಟ್ಟತೊಡಗುತ್ತಾರೆ. ಬೇರೆ ಗೋದಿಯನ್ನು ಬಡಿದರೆ ಸಾಕು, ಕಾಳು ಹೊಟ್ಟು ಬಿಟ್ಟು ಬರುತ್ತದೆ. ಇದು ಮಹಾ ಹಟಮಾರಿ.

“ಥಂಡಿ ದಿನದಾಗ ಹಾಸಿಗಿ ಬಿಡದ ಹುಡುಗ್ರು ಇರ್ತಾವಲ್ಲರಿ, ಹಂಗ ಇದು. ರಮಿಸಿ ರಮಿಸಿ ಎಬ್ಬಿಸಬೇಕು,” ಎಂದು ನಗುತ್ತಾರೆ.

ಗದಗ ಹೊಸ ಜಿಲ್ಲೆಯಾದ ವರ್ಷ ಮದುವೆಯಾಗಿ ಬಂದ ಇವರಿಗೆ ಕುಟ್ಟುವುದನ್ನು ಕಲಿಸಿದ್ದು ಅತ್ತೆ. ಮದುವೆಯ ಹುಗ್ಗಿಗೆ ಇದೇ ಗೋದಿ ಬೇಕೆನ್ನುವವರು ಲಕ್ಷ್ಮೇಶ್ವರ, ಶಿರಹಟ್ಟಿಯಿಂದ ಹುಡುಕಿಕೊಂಡು ಬರುತ್ತಾರೆ. ದಿನಕ್ಕೆ ಐದಾರು ಸೇರು ಕುಟ್ಟುವಷ್ಟರಲ್ಲಿ ರಟ್ಟೆ ಸೋಲುತ್ತದೆ. ಹುಗ್ಗಿ ಉಂಡವರು ಹೊಗಳುವುದು ಅಡುಗೆಯವರನ್ನು. ಕುಟ್ಟಿದವರ ನೆನಪು ಯಾರಿಗಿರುತ್ತದೆ ಹೇಳಿ! ಈ ಉಸಾಬರಿಯೇ ಬೇಡವೆಂದು ಊರವರು ಬೇರೆ ಗೋದಿಗೆ ಹೊರಳಿದ್ದಾರೆ. ಜವೆಗೋದಿ ಬಿತ್ತುವುದು ಈಗ ಇವರದೊಂದೇ ಮನೆ.

ಆ ಬೀಜವೂ ಕಳೆದ ವರ್ಷ ಕೈತಪ್ಪಿತ್ತು. ಬಿತ್ತುವ ಜವೆಗೋದಿಯ ಹೊಟ್ಟು ಬಿಡಿಸುವಂತಿಲ್ಲ; ಕುಟ್ಟಿದರೆ ಮೊಳಕೆಗೆ ಪೆಟ್ಟು. ಹಾಗೆಂದೇ ಬೇವಿನೆಲೆ ಬೆರೆಸಿ ಗಡಿಗೆಯಲ್ಲಿಟ್ಟಿದ್ದರು. ಅಮೀನಬಿ ಸಂತೆಗೆ ಹೋದಾಗ ಹೊಸ ಸೊಸೆ ಮಹೆಕ, ಕುಟ್ಟದೆ ಉಳಿದ ಗೋದಿ ಇದೆಂದು ತಿಳಿದು ಅಷ್ಟನ್ನೂ ಕುಟ್ಟಿ ಹುಗ್ಗಿ ಮಾಡಿಬಿಟ್ಟಳು.

“ಗಡಿಗಿ ನೋಡಿ ಎದಿ ಧಸಕ್ ಅಂತು. ಹುಡುಗಿ ಕೈ ನೋಡಿದ್ರ ಬರೇ ಬೊಬ್ಬಿ. ಏನಂತ ಬೈಯ್ಲಿ? ಇನ್ನೊಂದು ಸೌಟು ಹಾಕಿಸ್ಕೊಂಡ್ನಿ.”

ಹಿಂದೊಮ್ಮೆ ಇವರಿಂದಲೇ ಒಂದಿಷ್ಟು ಬೀಜ ಒಯ್ದಿದ್ದ ಕೊರ್ಲಹಳ್ಳಿಯ ಮೈಲಾರಪ್ಪ ನೆನಪಾದರು. ಅಮೀನಬಿ ಬಸ್ಸು ಹಿಡಿದು ಹೊಳೆದಂಡೆಯ ಆ ಊರಿಗೆ ಹೋದರು. ಮೈಲಾರಪ್ಪನವರ ಅಟ್ಟದಲ್ಲಿ ಅರ್ಧ ಚೀಲ ಉಳಿದಿತ್ತು. “ತವರಮನಿಗೆ ಹೊಂಟೈತಿ, ಒಯ್ರಿ ಅಕ್ಕಾರ,” ಎಂದು ಅವರೇ ಹೊತ್ತು ತಂದು ಬಸ್ಸಿಗೇರಿಸಿದರು.

ಕಾಲೇಜಿಗೆ ಹೋಗುವ ಮಗಳು ಅಲ್ಫಿಯಾ ಈಚೆಗೆ ಒಂದು ಖಬರು ತಂದಿದ್ದಾಳೆ. ಹುಲ್ಲಿನ ಜಾತಿಯ ಕಾಳಿನ ಹೊರಹೊಟ್ಟಿಗೆ ಸಸ್ಯಶಾಸ್ತ್ರದಲ್ಲಿ ‘ಗ್ಲೂಮ್’ ಎನ್ನುತ್ತಾರಂತೆ. ಲ್ಯಾಟಿನ್ ಭಾಷೆಯ ಪದ. ಮೂಲದಲ್ಲಿ ‘ಸುಲಿಯುವುದು’ ಎಂಬ ಅರ್ಥವಂತೆ.

“ಹಂಗಾರ ಆ ದೇಶದಾಗೂ ಯಾರೋ ನನ್ನಂಗ ಕುಟ್ಟಿ ಕುಟ್ಟಿ ಸಾಕಾಗಿರಬೇಕು,” ಎಂದ ಅಮೀನಬಿಗೆ ಕಾಣದ ಆ ಹೆಂಗಸರ ಮೇಲೆ ಅಕ್ಕರೆ ಉಕ್ಕುತ್ತದೆ.

ಈ ಸಲ ಬೆಳೆ ಚೆನ್ನಾಗಿ ಬಂದಿದೆ. ಬೀಜದ ಗಡಿಗೆ ಮತ್ತೆ ತುಂಬಿ, ಬಾಯಿಗೆ ಅರಿವೆ ಕಟ್ಟಿಸಿಕೊಂಡು ಕೂತಿದೆ. ಅದನ್ನು ಕಾಯುವವರು ಯಾರು ಎಂದರೆ ಅಮೀನಬಿ ಸೊಸೆಯತ್ತ ಕೈ ತೋರುತ್ತಾರೆ. ಮಹೆಕ ನಾಚಿ ಒಳಗೆ ಓಡುತ್ತಾಳೆ.

“ಬೀಜ ಆಕಿನ ಕಾಯಬೇಕ್ರಿ. ಅದು ಎಷ್ಟು ರುಚಿ ಇರತೈತಿ ಅಂತ ಆಕಿಗೆ ಗೊತ್ತೈತಿ.”