ಅಫ್ರಾಗೆ ಬಾಯಿಪಾಠ ಮಾಡಿಸಿದ ಇಪ್ಪತ್ತು ಉತ್ತರ

ಸವಿತಕ್ಕ, ನಿಮ್ಮ ನಿಧಿಗೆ ಸಿಗಬೇಕಾಗಿದ್ದ ಜಾಗವನ್ನು ನನ್ನ ಅಫ್ರಾಗೆ ಸಿಗುವಂತೆ ಮಾಡಿದವಳು ನಾನು. ಮೋಸದಿಂದ. ಮೂರು ವರ್ಷದಿಂದ ಇದನ್ನು ನುಂಗಿಕೊಂಡು ನಿಮ್ಮದೇ ಕಾರಿನಲ್ಲಿ ಓಡಾಡುತ್ತಿದ್ದೇನೆ.

ಆಗ ಮಕ್ಕಳಿಬ್ಬರೂ ಈ ಅರಬ್ ಊರಿನ ಅಜೀಜಿಯಾ ಬಡಾವಣೆಯ ಮೈದಾನದಲ್ಲಿ ಅಮೆರಿಕದವರ ಫುಟ್‌ಬಾಲ್ ಕಲಿಯುತ್ತಿದ್ದರು — ಸೊಂಟದ ಪಟ್ಟಿ ಕಿತ್ತರೆ ಓಟ ನಿಲ್ಲುವ, ಹುಡುಗಿಯರ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಕೈಗೆ ಬಂದ ಕೂಡಲೇ ಯಾರು ಖಾಲಿ ಇದ್ದಾರೆಂದು ನೋಡಿ ಎಸೆಯುವವಳು. ಎಸೆಯುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದು, ಮೈದಾನವನ್ನು ಥಟ್ಟನೆ ಓದುವ ತಲೆ ಯಾರಿಗಿದೆ ಎಂದು ಮೊದಲು ತಿಳಿಯಬೇಕು ಎಂದಿದ್ದರು ಕೋಚ್. ಅದಕ್ಕೇ ಇಪ್ಪತ್ತು ವಿಡಿಯೋಗಳ ಪರೀಕ್ಷೆ. ಆಟ ಅರ್ಧಕ್ಕೆ ನಿಲ್ಲುತ್ತದೆ. ಮೂರು ಸೆಕೆಂಡಿನೊಳಗೆ ಯಾರಿಗೆ ಎಸೆಯಬೇಕೆಂದು ಹೇಳಬೇಕು. ಎರಡು ದಿನ ಮೊದಲೇ ನಮಗೆ ಲಿಂಕ್ ಕಳಿಸಿ, ಫೋನಿನಲ್ಲಿ ತೆರೆಯುತ್ತದೆಯೇ ಎಂದಷ್ಟೇ ನೋಡಿ, ಮಕ್ಕಳಿಗೆ ತೋರಿಸಬೇಡಿ ಎಂದು ಬರೆದಿದ್ದರು.

ನೀವು ತೆರೆದು ಮುಚ್ಚಿದಿರಿ. ನಾನು —

ಅಡುಗೆಮನೆಯಲ್ಲಿ ಕೂತು ಇಪ್ಪತ್ತನ್ನೂ ನೋಡಿದೆ. ಮತ್ತೆ ಮತ್ತೆ ನೋಡಿ ಉತ್ತರ ಬರೆದುಕೊಂಡೆ. ಮದ್ರಸದಲ್ಲಿ ಉಸ್ತಾದರಿಗೆ ಎಲ್ಲರಿಗಿಂತ ಮೊದಲು ಪಾಠ ಒಪ್ಪಿಸುತ್ತಿದ್ದವಳು ನಾನು. ಬಾಯಿಪಾಠವೊಂದೇ ನನಗೆ ಗೊತ್ತಿದ್ದ ವಿದ್ಯೆ. ಅದನ್ನೇ ಮಗಳ ಮೇಲೆ ಹೇರಿದೆ. ವಿಡಿಯೋದ ಮೂಲೆಯಲ್ಲಿ ನೀಲಿ ಬಾಟಲಿ ಕಂಡರೆ ಎಡಗಡೆಯವಳು. ನೆರಳು ಉದ್ದವಿದ್ದರೆ ನಡುವಿನವಳು. ಆಟ ನೋಡಲೇಬೇಕಾಗಿಲ್ಲ!

“ಉಮ್ಮ, ಇದು ಚೀಟಿಂಗ್ ಅಲ್ವಾ?”

“ಓದಿಕೊಂಡು ಪರೀಕ್ಷೆಗೆ ಹೋಗುವುದು ಚೀಟಿಂಗಾ? ಯಲ್ಲಾ, ಬೇಗ ಎಂಟನೆಯದು ಹೇಳು.”

ಅಫ್ರಾಗೆ ಇಪ್ಪತ್ತಕ್ಕೆ ಇಪ್ಪತ್ತು ಬಂತು. ನಿಧಿಗೆ ಹದಿನಾಲ್ಕು. ಕ್ವಾರ್ಟರ್‌ಬ್ಯಾಕ್ ಜಾಗ ಅಫ್ರಾಗೆ ಹೋಯಿತು. ಮರಳುವಾಗ ನೀವು ಕಾರು ಓಡಿಸುತ್ತಾ ನಕ್ಕಿರಿ: “ನನ್ನ ಮಗಳ ಮಂಡೆ ಸ್ವಲ್ಪ ಸ್ಲೋ ಮಾರಾಯ್ತಿ, ಅವಳಪ್ಪನ ಹಾಗೆ. ಸಿಗ್ನಲ್ ಹಸಿರಾದ ಮೇಲೂ ಯೋಚನೆ ಮಾಡ್ತಾರೆ ಅವರು!” ಹಿಂದಿನ ಸೀಟಿನಲ್ಲಿ ನಿಧಿ ನಗಲಿಲ್ಲ. ಆಗಲೇ ಹೇಳಿಬಿಟ್ಟಿದ್ದರೆ — ಹೇಳಲಿಲ್ಲ. ಅಲ್‌ಹಮ್ದುಲಿಲ್ಲಾಹ್, ದೇವರಿಗೆ ಸ್ತುತಿ, ಎಂದೆ. ಆ ಮಾತನ್ನೂ ಅಂಥದ್ದಕ್ಕೆ ಬಳಸಿದೆ.

ಮೊದಲ ಪಂದ್ಯದಲ್ಲಿ ಅಫ್ರಾ ಚೆಂಡು ಹಿಡಿದು ನಿಂತೇಬಿಟ್ಟಳು. ಮೂರು ಸಲ ಪಟ್ಟಿ ಕಿತ್ತರು. “ಉಮ್ಮ, ಅವರು ವಿಡಿಯೋದಲ್ಲಿದ್ದ ಹಾಗೆ ನಿಲ್ಲುವುದೇ ಇಲ್ಲ,” ಎಂದು ಅತ್ತಳು. ಹೊರಗೆ ಕೂತಿದ್ದ ನಿಧಿ ಮಾತ್ರ ಪ್ರತಿ ಸಲವೂ ಖಾಲಿ ಇದ್ದ ಹುಡುಗಿಯ ಹೆಸರನ್ನು ಮೆಲ್ಲಗೆ ಹೇಳುತ್ತಿದ್ದಳು, ಅಫ್ರಾ ತಲೆ ಎತ್ತುವ ಮೊದಲೇ. ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿಕೊಂಡೆ. ಆ ತಿಂಗಳೇ ನಿಧಿ ಆಟ ಬಿಟ್ಟಳು. ಆಮೇಲೆ ಅಫ್ರಾ ಕೂಡ.

ಪ್ರತಿ ನಮಾಜಿನ ಬಳಿಕ ನಾನು ದಿನದ ಸಣ್ಣ ಸಣ್ಣ ಉಪಕಾರಗಳನ್ನು ನೆನೆಯುತ್ತೇನೆ — ಇವರು ಬಂದರಿನ ಕೆಲಸ ಮುಗಿಸಿ ಸುರಕ್ಷಿತವಾಗಿ ಬಂದದ್ದು, ಹಾಲು ಉಕ್ಕದೆ ಉಳಿದದ್ದು. ನಿಮ್ಮ ಹೆಸರು ಬಂದಾಗ ಮಾತ್ರ ನಾಲಿಗೆ ತಡೆಯುತ್ತದೆ.

ಮೊನ್ನೆ ಲಿಫ್ಟಿನಲ್ಲಿ ನೀವು ಹೇಳಿದಿರಿ: “ನಿಧಿ ಫಿಸಿಕ್ಸ್ ಬೇಡ ಅಂತಾಳೆ. ನನ್ನ ಮಂಡೆ ಸ್ಲೋ ಅಂತ ಆ ಟೆಸ್ಟಿನಲ್ಲೇ ಗೊತ್ತಾಯ್ತಲ್ಲ ಅಮ್ಮ, ಅಂತಾಳೆ.” ನನ್ನ ಮಹಡಿ ಬಂತು. ಇಳಿದುಹೋದೆ. ಆಗಲೂ.

ಭಾನುವಾರ ಶಾಲೆಯ ವಾರ ಶುರುವಾದ ಕೂಡಲೇ ಅವಳು ವಿಷಯ ಆಯ್ಕೆಯ ಫಾರ್ಮ್ ಕೊಡಬೇಕಂತೆ. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ನಾನು ಅಫ್ರಾಳನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಇದನ್ನು ಓದಿ ನೀವು ನಿಧಿಗೆ ಹೇಳಬೇಡಿ. ಅವಳು ನನ್ನ ಬಾಯಿಯಿಂದಲೇ ಕೇಳಬೇಕು. ಆ ಹದಿನಾಲ್ಕನ್ನು ಅವಳು ಯಾರೂ ಹೇಳಿಕೊಡದೆ, ತಾನೇ ನೋಡಿ, ಮೂರು ಸೆಕೆಂಡಿನಲ್ಲಿ ಹೇಳಿದ್ದಳು. ನೀವು ನನ್ನ ಮುಖಕ್ಕೆ ಬಾಗಿಲು ಹಾಕಿದರೂ ಸರಿಯೇ — ಒಳಗೆ ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೊರಗಿನಿಂದಲೇ ಹೇಳುತ್ತೇನೆ.