ಪಾಕದ ಸದ್ದು

ಭರಮಸಾಗರದ ವೀರಮ್ಮ ಆ ವಾರ ಎರಡು ಸಲ ಬೆಲ್ಲ ಬದಲಾಯಿಸಿದಳು. ಮೊದಲು ಮಾಡಿದ ಶೇಂಗಾ ಚಿಕ್ಕಿ ಹಲ್ಲಿಗೆ ಅಂಟಿತ್ತು; ಬೆಲ್ಲ ಹೊಸದೆಂದು ಹಳೆಯದನ್ನು ತರಿಸಿದಳು. ಮುಂದಿನ ಸಲ ಪಾಕ ಸೀದು ಕಹಿಯಾಯಿತು. ಅದಕ್ಕೂ ಬೆಲ್ಲವನ್ನೇ ದೂರಿ ಬೇರೆ ಅಂಗಡಿಯದನ್ನು ತಂದಳು. ಮೋಡದ ಹವೆಯನ್ನೂ ಬೈದಳು. ಆದರೆ ಅದೇ ಹವೆಯಲ್ಲಿ, ಅದೇ ಒಲೆಯ ಮೇಲೆ, ಒಮ್ಮೆ ಎಳೆಯದಾಗಿ ಒಮ್ಮೆ ಕರಕಲಾಗಿ ಬರುವ ತಪ್ಪಿಗೆ ಈ ಕಾರಣಗಳು ಸಾಲುತ್ತಿರಲಿಲ್ಲ. ಉಳಿದ ಒಂದೇ ಕಾರಣ ಅವಳಿಗೆ ಗೊತ್ತಿತ್ತು. ಅದು ನೆನಪಾದಾಗಲೆಲ್ಲ ಎದ್ದು ಏನಾದರೊಂದು ಕೆಲಸಕ್ಕೆ ಕೈಹಾಕುತ್ತಿದ್ದಳು.

ಚಿಕ್ಕಿಯ ಪಾಕವನ್ನು ವೀರಮ್ಮ ಕಿವಿಯಿಂದ ನೋಡುತ್ತಿದ್ದಳು. ಕುದಿಯುವ ಬೆಲ್ಲದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಗಟ್ಟಿಯಾದ ಆ ಗುಂಡನ್ನು ಸ್ಟೀಲ್ ತಟ್ಟೆಗೆ ಎಸೆದರೆ ‘ಟಣ್’ ಎನ್ನಬೇಕು. ಶೇಂಗಾ ಸುರಿಯಬೇಕಾದದ್ದು ಆ ಕ್ಷಣದಲ್ಲಿ. ಮುಂಚೆಯಾದರೆ ಅಂಟು, ತಡವಾದರೆ ಕಹಿ. ಅತ್ತೆಯಿಂದ ಕಲಿತ ಈ ವಿದ್ಯೆಯಿಂದ ಊರಿನ ಎಷ್ಟೋ ಸೀಮಂತಗಳಿಗೆ ಅವಳು ಚಿಕ್ಕಿ ಮಾಡಿಕೊಟ್ಟಿದ್ದಳು. ಪಾಕ ಕೆಡಿಸಿಕೊಂಡವರು ಕರೆಯುತ್ತಿದ್ದದ್ದೂ ಅವಳನ್ನೇ. ವಯಸ್ಸಾದ ಕಿವಿ ಸಾಮಾನ್ಯವಾಗಿ ಮೊದಲು ಬಿಟ್ಟುಕೊಡುವುದು ಇಂಥ ಸಣ್ಣ, ತೀಕ್ಷ್ಣ ಸದ್ದುಗಳನ್ನು. ಎದುರಿಗೆ ಕೂತವರ ಮಾತು ಕೇಳುತ್ತಲೇ ಇರುತ್ತದೆ. ಹಾಗಾಗಿ ಮನೆಯವರಿಗೆ ತಿಳಿಯುವುದಿಲ್ಲ. ತನಗೂ ನಂಬಿಕೆ ಬರುವುದಿಲ್ಲ.

ಮೂರನೆಯ ಸಲ ಒಲೆ ಹಚ್ಚಿದ್ದಳು; ಮರುದಿನವೇ ಹಿರಿಯೂರಿನಲ್ಲಿ ಮಗಳು ದೇವಿಕಾಳ ಸೀಮಂತ. ಊರವರಿಗೆಲ್ಲ ಮಾಡಿಕೊಟ್ಟವಳು ಸ್ವಂತ ಮಗಳ ಮಡಿಲಿಗೆ ಅಂಗಡಿಯ ಚಿಕ್ಕಿ ಒಯ್ದರೆ ಮುಂದೆ ಈ ಬಾಣಲೆ ಮುಟ್ಟುವ ಧೈರ್ಯ ತನಗೆ ಬರಲಾರದೆಂದು ಅವಳಿಗೆ ಅನಿಸಿತ್ತು. ಕೊಂಡು ತರುವುದೇ ಸುಲಭವೆಂದು ಗಂಡ ಜಂಬಣ್ಣ ಬೆಳಗಿನಿಂದ ಹೇಳುತ್ತಿದ್ದ. ಈಗ ಪಡಸಾಲೆಯಿಂದಲೇ ಕೆಣಕಿದ.

“ಲೇ, ನಿನ್ನ ಚಿಕ್ಕಿ ತಿಂದ್ರೆ ಸೀಮಂತ ಮುಗಿಯೋತನ್ಕ ಬೀಗ್ರು ಬಾಯಿ ಬಿಡಂಗಿಲ್ಲ. ಅದೂ ಒಳ್ಳೇದೇ ಬಿಡು.”

ವೀರಮ್ಮನಿಗೆ ನಗು ಬರಲಿಲ್ಲ. ಕೇಳಿಸಲಿಲ್ಲವೆಂದುಕೊಂಡಾನೆಂಬ ಭಯಕ್ಕೆ ಸ್ವಲ್ಪ ತಡವಾಗಿ, ಜೋರಾಗಿಯೇ ನಕ್ಕಳು.

ಸೊಸೆ ಬಿಂದು ಹುರಿದ ಶೇಂಗಾದ ಸಿಪ್ಪೆ ಉಜ್ಜಿ ಮೊರದಲ್ಲಿ ಕೇರುತ್ತಿದ್ದಳು. ಬಾಣಲೆಯಲ್ಲಿ ಬೆಲ್ಲ ಕರಗಿ ನೊರೆಯೆದ್ದಿತು. ವೀರಮ್ಮ ಒಂದು ಗುಂಡು ಎಸೆದಳು; ಏನೂ ಕೇಳಿಸಲಿಲ್ಲ. ಇನ್ನೊಂದನ್ನು ಎತ್ತರದಿಂದ ಎಸೆದಳು. ಬಿದ್ದದ್ದು ಕಂಡಿತು, ಅಷ್ಟೇ. ಬೆರಳಲ್ಲಿ ಒತ್ತಿ ನೋಡಿದಳು. ಇಷ್ಟು ವರ್ಷ ಕಿವಿಗೆ ಒಪ್ಪಿಸಿದ್ದ ತೀರ್ಪನ್ನು ಬೆರಳು ವಹಿಸಿಕೊಳ್ಳಲಿಲ್ಲ. ನೊರೆಯ ಬಣ್ಣ ಕಪ್ಪಿಗೆ ತಿರುಗುತ್ತಿದೆಯೋ, ತನ್ನ ಹೆದರಿಕೆಗೆ ಹಾಗೆ ಕಾಣುತ್ತಿದೆಯೋ ತಿಳಿಯಲಿಲ್ಲ.

“ಬಿಂದು, ಸದ್ದು ಬಂತೇನೇ?”

ಅತ್ತೆ ತನ್ನನ್ನು ಪರೀಕ್ಷಿಸುತ್ತಿದ್ದಾಳೆಂದೇ ಬಿಂದು ತಿಳಿದಳು. “ನನ್ನ ಯಾಕೆ ಕೇಳ್ತೀರಿ ಅತ್ತೆ? ನಿಮಗೆ ಗೊತ್ತಾಗಲ್ವಾ?”

“ನಂಗೆ ಕೇಳ್ಸಂಗಿಲ್ಲ ಕಣೇ. ಬೇಗ ಹೇಳು.”

ಬಿಂದು ಮೊರ ಕೆಳಗಿಟ್ಟು ಬಂದಳು. ತಟ್ಟೆಯ ಕಡೆ ತಲೆ ಬಗ್ಗಿಸಿದಳು. ಮುಂದಿನ ಗುಂಡಿಗೆ ಇಲ್ಲವೆಂದು ತಲೆಯಾಡಿಸಿದಳು. ಅದರ ನಂತರದ್ದಕ್ಕೆ, “ಬಂತು ಅತ್ತೆ,” ಎಂದಳು.

ಬೇರೆಯವರ ಕಿವಿ ನಂಬಿ ವೀರಮ್ಮ ಶೇಂಗಾ ಸುರಿದದ್ದು ಅದೇ ಮೊದಲು. ತುಪ್ಪ ಸವರಿದ ಮಣೆಯ ಮೇಲೆ ಲಟ್ಟಿಸಿ ಚಾಕುವಿನಿಂದ ಗೆರೆ ಎಳೆದಳು. ಆರುವವರೆಗೆ ಕೂರಲಾಗಲಿಲ್ಲ, ಬಾಗಿಲಿಗೆ ಹೋದಳು, ಬಂದಳು, ಮಣೆ ಮುಟ್ಟಿ ಮತ್ತೆ ಹೋದಳು. ಕೊನೆಗೆ ಒಂದು ತುಂಡು ಕೈಯಲ್ಲಿ ನೇರವಾಗಿ ಮುರಿಯಿತು. ಬಾಯಿಗೆ ಹಾಕಿಕೊಂಡಳು. ಅಂಟಲಿಲ್ಲ; ಕಹಿಯೂ ಇರಲಿಲ್ಲ.

ಸೀಮಂತ ಮುಗಿಸಿಕೊಂಡು ಚಿತ್ರದುರ್ಗದ ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿಕೊಂಡು ಬರೋಣವೆಂದು ಬಿಂದು ಮೆಲ್ಲಗೆ ಹೇಳಿದಳು.

“ತೋರ್ಸಿದ್ರೆ ವಾಪಸ್ ಬರ್ತೈತೇನೇ?”

“ಗೊತ್ತಿಲ್ಲ ಅತ್ತೆ.”

ಬರುತ್ತದೆ ಎಂದಿದ್ದರೆ ವೀರಮ್ಮ ನಂಬುತ್ತಿರಲಿಲ್ಲ. ಎದ್ದು ಇನ್ನೊಂದು ಬಾಣಲೆಗೆ ಬೆಲ್ಲ ಹಾಕಿ, ಸೌಟನ್ನು ಸೊಸೆಯ ಕೈಗೆ ಕೊಟ್ಟಳು. ಮರುಕ್ಷಣವೇ ಅಷ್ಟು ಜೋರಾಗಿ ತಿರುಗಿಸಬಾರದೆಂದು ಗದರಿಸಿ, ಅದನ್ನು ವಾಪಸು ಕೇಳುವಂತೆ ಕೈಚಾಚಿದಳು. ಬಿಂದು ಕೊಡಲಿಲ್ಲ.