ಮೇಸ್ತ್ರಿ ಕೂತು ನೋಡಿದ ವಿಮಾನ

ಸೈನ್ಯದಿಂದ ನಿವೃತ್ತನಾಗಿ ಭದ್ರಾವತಿಗೆ ಬಂದಾಗ ಊರಿಗೆ ಊರೇ ನನಗೊಂದು ಕೆಲಸ ಗೊತ್ತುಮಾಡಿಬಿಟ್ಟಿತ್ತು: ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವುದು. ಹೆಂಡತಿಯೂ ಅದನ್ನೇ ಹೇಳಿದಳು. "ರೀ, ಶಿವಮೊಗ್ಗದಲ್ಲಿ ಗನ್‌ಮ್ಯಾನ್ ಬೇಕಂತೆ. ನೆರಳಲ್ಲಿ ಕೂತ್ಕೊಳ್ಳೋ ಕೆಲಸ." ನನಗೆ ರೇಗಿಹೋಯಿತು. ಬಂದೂಕು ಹಿಡಿದದ್ದು ಸಾಕಾಗಿತ್ತು. ನಾಲ್ಕು ಜನಕ್ಕೆ ಉಪಯೋಗವಾಗುವಂಥದ್ದೇನಾದರೂ ಕೈಯಾರೆ ಮಾಡಬೇಕೆಂಬ ಹಟ ಹತ್ತಿತ್ತು.

ಕಾಗದನಗರದ ಹತ್ತಿರ ಒಬ್ಬ ವೆಲ್ಡಿಂಗ್ ಮೇಸ್ತ್ರಿ ಇದ್ದರು. ಅಲ್ಲಿನ ಕಾಗದದ ಕಾರ್ಖಾನೆ ನಿಂತು ಕೆಲಸ ಹೋದ ಮೇಲೆ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಗೇಟು, ಕಿಟಕಿ ಮಾಡಿಕೊಂಡಿದ್ದವರು. ಅವರ ಬಳಿ ಸೇರಿದೆ. ಮೊದಲ ದಿನ ಅವರು ಒಳಗೆ ಬಂದ ಕೂಡಲೇ ಎದ್ದು ಸೆಟೆದು ನಿಂತೆ. "ಕೂತ್ಕೋ ಮಾರಾಯ, ನಾನೇನು ನಿನ್ನ ಕರ್ನಲ್ಲಾ?" ಎಂದರು. ಅಂದಿನಿಂದ ನನ್ನ ಹೆಸರು ಮಿಲಿಟ್ರಿ.

ಅವರದೊಂದು ಪದ್ಧತಿ. ಮಾಡಿದ್ದನ್ನು ಕೊಡುವ ಮೊದಲು ಮೈಭಾರ ಹಾಕಿ ನೋಡಬೇಕು. ಏಣಿಯಾದರೆ ಹತ್ತುತ್ತಿದ್ದರು, ಗೇಟಾದರೆ ಜೋತುಬೀಳುತ್ತಿದ್ದರು, ಕುರ್ಚಿಯಾದರೆ ಕೂರುತ್ತಿದ್ದರು. ನಾನು ಬೆಸೆದದ್ದು ಅಲ್ಲಿಯವರೆಗೆ ಬರುತ್ತಲೇ ಇರಲಿಲ್ಲ. ಬೆರಳಾಡಿಸಿ ನೋಡಿ, "ಕಿತ್ತು ಮತ್ತೆ ಹಾಕು" ಎನ್ನುತ್ತಿದ್ದರು. ಸೈನ್ಯದಲ್ಲಿ ಬೈಸಿಕೊಂಡವನಿಗೆ ಅದೇನು ದೊಡ್ಡದಲ್ಲ. ಆದರೂ ಅವರ ಬಾಯಿಂದ ಒಮ್ಮೆ "ಗಟ್ಟಿಯಾಗಿದೆ" ಎಂದು ಕೇಳಬೇಕೆಂಬ ಆಸೆ ಬಿಡದೆ ಕಾಡುತ್ತಿತ್ತು.

ಅಷ್ಟರಲ್ಲಿ ಅವರ ಕೆಮ್ಮು ಜೋರಾಯಿತು. ಶಿವಮೊಗ್ಗದ ಆಸ್ಪತ್ರೆಗೆ ನಾನೇ ಬೈಕಿನಲ್ಲಿ ಕರೆದೊಯ್ಯುತ್ತಿದ್ದೆ. ಎದೆ ಪೂರಾ ಹೋಗಿದೆ ಎಂದು ಡಾಕ್ಟರು ಹೇಳಿದ ದಿನ, ಹಿಂದೆ ಕೂತು, ದಾರಿಯುದ್ದಕ್ಕೂ ಕಂಡವರ ಮನೆ ಗೇಟುಗಳನ್ನು ಬೈಯುತ್ತಲೇ ಬಂದರು. ನಾನು ಹೆಲ್ಮೆಟ್ಟಿನೊಳಗೆ ಅಳುತ್ತಿದ್ದೆ.

ಆಗಲೇ ನಮ್ಮ ಸಮಾಜದ ಹಿರಿಯರು ಕಬ್ಬಿಣದ ವಿಮಾನ ಮಾಡಿಸಲು ಬಂದರು. ನಾವು ಲಿಂಗಾಯತರು ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ವಿಮಾನದಲ್ಲಿ ಕೂರಿಸಿ ಹೊರುತ್ತೇವೆ. ಪ್ರತಿ ಸಲ ಬಿದಿರು ಕಟ್ಟುವ ಬದಲು ಎಲ್ಲರಿಗೂ ಒಂದೇ ಇರಲಿ ಎಂದು ಅವರ ಯೋಚನೆ. ಮೇಸ್ತ್ರಿಯೂ ನಮ್ಮವರೇ, ಆದರೆ ಅವರ ಕೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಪೂರ್ತಿ ನಾನೇ ಮಾಡಿದೆ.

ಮುಗಿದ ದಿನ ಅವರು ನಿಧಾನವಾಗಿ ಎದ್ದು ಬಂದು ಅದರಲ್ಲಿ ಕೂತೇಬಿಟ್ಟರು. ಒಯ್ಯಲು ಬಂದವರು ಹೌಹಾರಿದರು. "ಅಯ್ಯೋ, ಇಳೀರಿ ಮೇಸ್ತ್ರಿ, ಎಂಥ ಅಪಶಕುನ!"

"ನೋಡ್ದೆ ಹೆಂಗ್ ಕೊಡೋದು? ಇದ್ರಲ್ಲಿ ಕೂತೋರು ದೂರು ಹೇಳೋಕೆ ವಾಪಸ್ ಬರ್ತಾರಾ?"

ಬಲಕ್ಕೆ ವಾಲಿದರು, ಎಡಕ್ಕೆ ವಾಲಿದರು. ಕಿತ್ತು ಹಾಕು ಎನ್ನುತ್ತಾರೆಂದು ಕಾದೆ. ಅವರು ಇಳಿದು, ಟೀ ತರಿಸು ಎಂದರು.

ಆಯುಧಪೂಜೆಗೆ ಮೊದಲೇ ಅವರು ಹೋದರು. ಅವರನ್ನು ಕೂರಿಸಿದ್ದು ಅದೇ ವಿಮಾನದಲ್ಲಿ, ಮುಂದಿನ ಬಲಗಡೆಯ ಹೆಗಲು ನನ್ನದು. ಸೈನ್ಯದಲ್ಲಿ ಗೆಳೆಯರ ಶವಪೆಟ್ಟಿಗೆಗಳನ್ನು ಹೊತ್ತಿದ್ದೇನೆ. ಹೆಜ್ಜೆ ತಪ್ಪದೆ, ಕಣ್ಣು ಒದ್ದೆಯಾಗದೆ ಹೊರುವುದನ್ನು ಅಲ್ಲಿ ಕಲಿಸುತ್ತಾರೆ. ಇಲ್ಲಿ ಒಬ್ಬೊಬ್ಬರದು ಒಂದೊಂದು ಹೆಜ್ಜೆ. ಗುಂಡಿ ಬಿದ್ದ ರಸ್ತೆಯಲ್ಲಿ ವಿಮಾನ ವಾಲಿದಾಗಲೆಲ್ಲ ನನ್ನ ಕಿವಿ ಬೆಸುಗೆಗಳ ಮೇಲೆಯೇ ಇತ್ತು. ಒಂದೂ ಕಿರ್ ಎನ್ನಲಿಲ್ಲ. ತಲೆಯೆತ್ತಿ ನೋಡಿದೆ. ಗಟ್ಟಿಯಾಗಿದೆ ಎಂದು ಹೇಳಬೇಕಾದವರು ಹೂವಿನ ನಡುವೆ ಬಾಯಿ ಮುಚ್ಚಿ ಕೂತಿದ್ದರು.